ಅಕ್ಕನ ಬಾಗಿಲಿನಲ್ಲೊಂದು ಸೀಳು

ಕಳೆದ ಮಂಗಳವಾರ ನಮ್ಮಕ್ಕನ ಮನೆಯ ಬಾಗಿಲು ನನ್ನ ಅಂಗಡಿಗೆ ಬಂತು. ಲಗೇಜ್ ಆಟೋದಲ್ಲಿ, ಎರಡು ಹಳೆಯ ಕಿಟಕಿಗಳ ಮೇಲೆ ಮಲಗಿಕೊಂಡು, ಹಗ್ಗ ಬಿಗಿಸಿಕೊಂಡು ಬಂತು.

ತಂದವರು ಬೇತಮಂಗಲದ ಕಡೆಯ ಒಬ್ಬ ರೈತರು. ಗುಜರಿಯಲ್ಲಿ ಸಿಕ್ಕಿತಂತೆ. ತೋಟದ ಪಂಪ್‌ಸೆಟ್ ಮನೆಗೆ ಹಾಕಬೇಕಂತೆ. ಮೇಲುಗಡೆ ನಾಲ್ಕು ಬೆರಳು ಕೊಯ್ದು, ತೋಪಡ ಹೊಡೆದು ನುಣುಪು ಮಾಡಿ, ಹೊಸ ಹಿಂಜಸ್ ಕೂಡಿಸಿಕೊಡಿ ಅಂದರು. ಒಳ್ಳೆಯ ತೇಗ. ಈಗ ಇಂಥ ಮರ ಎಲ್ಲಿ ಸಿಗುತ್ತದೆ ಎಂದು ತಾವೇ ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿಸಿದರು. ಆಮೇಲೆ ಕೆಳಗಿನ ಹಲಗೆಯಲ್ಲಿದ್ದ ಒಂದು ಗೇಣುದ್ದದ ಸೀಳನ್ನು ತೋರಿಸಿದರು.

"ಇದೊಂದಕ್ಕೆ ತುಂಡು ಮರ ಆಕಿ ಮುಚ್ಬುಡಿ ಮೇಸ್ತ್ರಿ. ಯಾವನೋ ತಲೆ ಕೆಟ್ಟೋನು ಒಳ್ಳೆ ಬಾಗ್ಲುನ ಕೊಯ್ದವ್ನೆ. ತ್ವಾಟದಾಗೆ ಆವು ಗೀವು ನುಗ್ತವೆ."

ಆ ತಲೆ ಕೆಟ್ಟವನು ನಾನೇ.

ನಾನು ಮರಗೆಲಸದವನು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಓದಿದ್ದು ಏಳನೇ ಕ್ಲಾಸು. ನಮ್ಮ ಸಂಪಾದಕರಿಗೆ ಮೇಜು ಮಾಡಿಕೊಡಲು ಹೋಗಿ, ಕೆಲಸದ ನಡುವೆ ಬಾಯಿಗೆ ಬಂದದ್ದೆಲ್ಲ ಮಾತಾಡಿ, "ಇದನ್ನೇ ಬರೆದುಕೊಡಿ ಮಾರಾಯರೆ" ಅನ್ನಿಸಿಕೊಂಡವನು. (ಮೇಜಿನ ಒಂದು ಕಾಲು ಇವತ್ತಿಗೂ ಅಲ್ಲಾಡುತ್ತದೆ. ಅಂಕಣ ನಿಲ್ಲಿಸಿದರೆ ಮೇಜು ಸರಿಮಾಡಿಕೊಡುವವರು ಇರುವುದಿಲ್ಲ ಎಂಬ ಭಯಕ್ಕೇ ಅವರು ನನ್ನನ್ನು ಇಟ್ಟುಕೊಂಡಿರಬೇಕು.)

ಆ ಸೀಳು ಕೊಯ್ದದ್ದು ಈ ಅಂಕಣಕ್ಕಾಗಿಯೇ. ಅಕ್ಕ ಇದ್ದದ್ದು ಊರಿಗಾಂನ ಲೈನ್ ಮನೆಯಲ್ಲಿ. ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ, ಕಂಪನಿ ಕಾಲದ ಸಾಲು ಮನೆ. ಒಂದು ಕೋಣೆ, ಒಂದು ಅಡುಗೆ ಜಾಗ, ಮುಂದೆ ಪುಟ್ಟ ಜಗಲಿ. ಪೇಪರ್ ಹಾಕುವವನು ಸೈಕಲ್ ಮೇಲಿಂದಲೇ ಜಗಲಿಗೆ ಎಸೆದು ಹೋಗುತ್ತಿದ್ದ. ಅಕ್ಕ ಹೂವು ತರಲು ಹೋಗಿರುತ್ತಿದ್ದ ಹೊತ್ತು. ಸಾಲಿನಲ್ಲಿ ಯಾರದೋ ಒಂದು ಮೇಕೆ. ನನ್ನ ಮೊದಲ ಮೂರು ನಾಲ್ಕು ಅಂಕಣಗಳನ್ನು ಅತಿ ಶ್ರದ್ಧೆಯಿಂದ ಮುಗಿಸಿದ ಓದುಗ ಅದೇ. ನನಗೆ ರೇಗಿಹೋಯಿತು. ಒಂದು ಭಾನುವಾರ ಹೋಗಿ, ಸಣ್ಣ ಗರಗಸ ಹಿಡಿದು, ಪೇಪರ್ ಒಳಗೆ ತಳ್ಳುವಷ್ಟು ಸೀಳು ಕೊಯ್ದುಕೊಟ್ಟೆ. ಅಂಚನ್ನು ಕೈಗೆ ಚುಚ್ಚದ ಹಾಗೆ ಉಜ್ಜಿ ದುಂಡಗೆ ಮಾಡಿದ್ದೆ. ಮಂಗಳವಾರ ಬೆರಳು ಹಾಕಿ ನೋಡಿದೆ. ಇನ್ನೂ ನುಣ್ಣಗಿತ್ತು.

ಇದರಲ್ಲಿ ತಮಾಷೆ ಏನು ಗೊತ್ತೇ? ನಮ್ಮಕ್ಕ ಅಮರಮ್ಮನಿಗೆ ಓದು ಬರುವುದಿಲ್ಲ.

ಓದುತ್ತಿದ್ದವಳು ಗೋಡೆಯಾಚೆಯ ಸೆಲ್ವಿ. ಮನೆಮಾತು ತಮಿಳು, ಸ್ಕೂಲಿನಲ್ಲಿ ಕಲಿತದ್ದು ಕನ್ನಡ. ವಾರಕ್ಕೊಮ್ಮೆ ಜಗಲಿಯಲ್ಲಿ ಕೂತು, ಗಟ್ಟಿಯಾಗಿ, ಒಂದೊಂದು ಅಕ್ಷರಕ್ಕೂ ಒತ್ತು ಕೊಟ್ಟು ಓದುತ್ತಿದ್ದಳು. ನಡುನಡುವೆ ತನ್ನದೇ ಸೇರಿಸುತ್ತಿದ್ದಳು. ನಾನು ಬರೆಯದ ಎಷ್ಟೋ ಜೋಕುಗಳಿಗೆ ಆ ಲೈನಿನಲ್ಲಿ ನನ್ನ ಹೆಸರಿತ್ತು. ಅಕ್ಕ ಕೇಳುತ್ತ ಕೇಳುತ್ತ ಹೂವು ಕಟ್ಟುತ್ತಿದ್ದಳು.

ಹೂವೇ ಅಕ್ಕನ ಬದುಕು. ಬೇತಮಂಗಲದ ಕಡೆಯಿಂದ ಮೊದಲ ಬಸ್ಸಿಗೆ ಕನಕಾಂಬರ, ಮಲ್ಲಿಗೆ ಬರುತ್ತಿತ್ತು. ಒಬ್ಬಳೇ ಕೂತರೆ ಒಂದು ಬುಟ್ಟಿ ಹೂವು ಕಟ್ಟಿ ಮುಗಿಯುವಷ್ಟರಲ್ಲಿ ಬೆಂಗಳೂರಿನ ಟ್ರೈನು ಹೋಗಿರುತ್ತದೆ. ಆದರೆ ಅಕ್ಕ ಯಾವತ್ತೂ ಒಬ್ಬಳೇ ಕೂತವಳಲ್ಲ. ಬುಟ್ಟಿ ಇಳಿಸಿದ ತಕ್ಷಣ ಸಾಲಿನ ನಾಲ್ಕಾರು ಹೆಂಗಸರು ದಾರ ಹಿಡಿದು ಬಂದುಬಿಡುತ್ತಿದ್ದರು. ಯಾರೂ ಕರೆಯಬೇಕಿರಲಿಲ್ಲ. ಮಾರಿಕುಪ್ಪಂನಿಂದ ಟ್ರೈನು ಹೊರಡುವ ಹೊತ್ತಿಗೆ ಅಕ್ಕ ಊರಿಗಾಂ ಸ್ಟೇಷನ್ನಿನಲ್ಲಿ ಬುಟ್ಟಿ ಸಮೇತ ಹಾಜರು. ಕೆಲಸಕ್ಕೆ ಹೋಗುವ ಹೆಂಗಸರು ಒಂದೊಂದು ಮೊಳ ಮುಡಿದುಕೊಂಡು ಹತ್ತುತ್ತಿದ್ದರು.

ಭಾವ ತೀರಿಕೊಂಡ ಮೇಲೂ ಅಕ್ಕ ಅದೇ ಮನೆಯಲ್ಲಿ ಉಳಿದದ್ದು ಆ ಬುಟ್ಟಿಯ ದೆಸೆಯಿಂದ. ಮಕ್ಕಳಿರಲಿಲ್ಲ. ಅಕ್ಕನಿಗೆ ಅದೊಂದು ಕೊರತೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ಏನಂದುಕೊಂಡಿದ್ದಳು ಎಂದು ನಾನಂತೂ ಕೇಳಲಿಲ್ಲ.

ಮನುಷ್ಯ ಎಲ್ಲಿ ವಾಸ ಮಾಡಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ನೀರು ಅನ್ನುತ್ತೀರಿ. ಕೆಲಸ ಅನ್ನುತ್ತೀರಿ. ಟ್ರೈನು, ಸ್ಕೂಲು, ಆಸ್ಪತ್ರೆ ಅನ್ನುತ್ತೀರಿ. ನಮ್ಮ ಬಂಗಾರಪೇಟೆಯ ಸುತ್ತ ಎದ್ದಿರುವ ಲೇಔಟುಗಳ ಬೋರ್ಡು ನೋಡಿ, ಎಲ್ಲದರಲ್ಲೂ 'ಸ್ಟೇಷನ್‌ಗೆ ಐದೇ ನಿಮಿಷ'. (ಯಾರು ನಡೆದರೆ ಐದು ನಿಮಿಷ ಎಂದು ಮಾತ್ರ ಬರೆದಿರುವುದಿಲ್ಲ.) ಇವೆಲ್ಲ ನಿಜವೇ. ಆದರೆ ನಾನು ಮೂವತ್ತು ವರ್ಷದಿಂದ ಜನರ ಮನೆಗೆ ಬಾಗಿಲು ಕೂಡಿಸುತ್ತಿದ್ದೇನೆ. ಬಾಗಿಲು ಕೂಡಿಸುವವನ ಎದುರಿಗೆ ಜನ ಮನಸ್ಸು ಮುಚ್ಚಿಡುವುದಿಲ್ಲ. ನೀರು, ಟ್ರೈನು ಎಲ್ಲ ಆದ ಮೇಲೆ, ಕೊನೆಗೆ, ದನಿ ಒಂದಿಷ್ಟು ತಗ್ಗಿಸಿ ಕೇಳುವ ಪ್ರಶ್ನೆ ಒಂದೇ. ಪಕ್ಕದಲ್ಲಿ ಯಾರು?

ಆ ಪ್ರಶ್ನೆ ನನ್ನ ಮನೆಗೂ ಬಂತು. ಮಗಳಿಗೆ ಸಂಬಂಧ ನೋಡುತ್ತಿದ್ದ ಕಾಲ.

ಬಂಗಾರಪೇಟೆ ಪಕ್ಕದ ಹಳ್ಳಿಯವರು. ಹೊಲ ಇತ್ತು, ಹಸುಗಳಿದ್ದವು, ಡೇರಿಯಲ್ಲಿ ಮರ್ಯಾದೆ ಇತ್ತು. ಹುಡುಗನ ದೊಡ್ಡಪ್ಪ ಮಾತಿನವರು. ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ಟವಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಕೇಳಿದರು. "ಉಡುಗಿಗೆ ಸೋದರತ್ತೆ ಇರ್ಬೇಕಲ್ಲ? ಎಲ್ಲವ್ರೆ?"

"ಊರಿಗಾಂನಾಗೆ" ಅಂದೆ.

"ಲೈನಾಗಾ?"

"ಹೂಂ."

"ಗೋಡೆ ಆಚೆ ಯಾರು?"

ಇಷ್ಟೇ. ಬೈದರೇ? ಇಲ್ಲ. ಮುಖ ಸಿಂಡರಿಸಿದರೇ? ಅದೂ ಇಲ್ಲ. ಹಾಲಿನ ಡಿಗ್ರಿ ಕೇಳುವ ಹಾಗೆ ಕೇಳಿದರು. ಲೈನಿನ ಮನೆಗಳಿಗೆ ನಡುವೆ ಒಂದೇ ಗೋಡೆ ಎಂಬುದು ಈ ಕಡೆಯ ಯಾರಿಗೆ ಗೊತ್ತಿಲ್ಲ? ಆ ಗೋಡೆಗೆ ಈಚೆಯಿಂದ ನಮ್ಮ ದೇವರ ಫೋಟೋಗೆ ಹೊಡೆದ ಮೊಳೆಯೂ ಆಚೆಯಿಂದ ಸೆಲ್ವಿಯ ದೇವರ ಫೋಟೋಗೆ ಹೊಡೆದ ಮೊಳೆಯೂ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಸೆಲ್ವಿಯ ಜನ ಯಾರು, ನಮ್ಮ ಜನ ಯಾರು ಎಂದು ನಾನಿಲ್ಲಿ ಬರೆಯುವುದಿಲ್ಲ. ನಿಜ ಹೇಳಿದ್ದರೆ ಅದು ದೊಡ್ಡಪ್ಪನಿಗೆ ಬೇಕಾದ ಉತ್ತರವಾಗಿರುತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

"ನಮ್ಮೋರೇ" ಅಂದುಬಿಟ್ಟೆ.

ನಾನು ಹದಿಮೂರು ವರ್ಷದವನಿದ್ದಾಗ ನಮ್ಮಪ್ಪ ಸ್ಕೂಲು ಬಿಡಿಸಿ, ಕೆಲಸ ಕಲಿಯಲಿ ಎಂದು ಅಕ್ಕನ ಮನೆಗೆ ಬಿಟ್ಟಿದ್ದ. ಎರಡು ವರ್ಷ ಅದೇ ಗೋಡೆಗೆ ಕಾಲು ಒತ್ತಿಕೊಂಡು ಮಲಗಿದವನು ನಾನು. ಅಕ್ಕನಿಗೆ ಜ್ವರ ಬಂದ ದಿನ ಸೆಲ್ವಿಯ ಅಮ್ಮ ಹಾಕಿದ ಅನ್ನ ಉಂಡವನು. ಆ ಗೋಡೆಯ ಬಗ್ಗೆ ಸುಳ್ಳು ಹೇಳಲು ನನಗೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ.

ಅಲ್ಲಿಗೇ ನಿಂತಿದ್ದರೆ ಇವತ್ತು ಈ ಅಂಕಣ ಇರುತ್ತಿರಲಿಲ್ಲ. ದೊಡ್ಡಪ್ಪ ಎದ್ದು ನಿಂತು, ಚಪ್ಪಲಿ ಹುಡುಕುತ್ತ, ಸೋದರತ್ತೆಯನ್ನು ನೋಡದೆ ಮಾತು ಮುಗಿಸುವುದು ಸರಿಯಲ್ಲ, ಮುಂದಿನ ತಿಂಗಳು ಒಂದು ದಿನ ಹೋಗಿ ಮಾತಾಡಿಸಿಕೊಂಡು ಬರೋಣ ಅಂದರು.

ಈಗ ಏನು ಮಾಡುವುದು? ಗೋಡೆ ಬದಲಾಯಿಸಲು ಆಗುವುದಿಲ್ಲ. ಅಕ್ಕ ಇರುವ ಜಾಗ ಬದಲಾಯಿಸಬಹುದು.

ಮಾರನೆಯ ದಿನವೇ ಹೋದೆ. ಜಗಲಿ ತುಂಬ ಹೂವು, ಹೆಂಗಸರು. ಬಂಗಾರಪೇಟೆಯ ಲೇಔಟಿನಲ್ಲಿ ಮಹಡಿ ಮೇಲೆ ಒಂದು ರೂಮು ನೋಡಿದ್ದೇನೆ ಅಂದೆ. ಬಚ್ಚಲು, ಕಕ್ಕಸು ಒಳಗೇ ಇದೆ ಅಂದೆ. ನಲ್ಲಿ ಮುಂದೆ ಕೊಡ ಇಟ್ಟು ಕಾಯಬೇಕಿಲ್ಲ ಅಂದೆ. ನನ್ನ ಮನೆ ಹತ್ತಿರ, ಆಸ್ಪತ್ರೆ ಹತ್ತಿರ ಅಂದೆ. ನಾನು ಹೇಳಿದ ಒಂದೊಂದೂ ನಿಜ. ಒಂದೂ ಕಾರಣವಲ್ಲ.

ಅಕ್ಕ ಹೂವಿನ ಮೇಲಿಂದ ಕಣ್ಣೆತ್ತಲಿಲ್ಲ. "ಅಲ್ಲಿ ನಂಗೇನ್ಲಾ ಕೆಲ್ಸ? ನನ್ ಹೂ ಯಾರ್ ಕಟ್ತಾರೆ?"

ಹೂವು ಬಿಟ್ಟುಬಿಡು, ವಯಸ್ಸಾಯಿತು ಅಂದೆ.

"ಅದಕ್ಕೇ ಯೋಳಿದ್ದು. ವಯಸ್ಸಾಯ್ತು. ರಾತ್ರಿ ಎದೆ ಇಡ್ಕಂಡ್ರೆ ಈ ಗೋಡೆ ತಟ್ತೀನಿ, ಸೆಲ್ವಿ ಎದ್ ಬತ್ತಾಳೆ. ಅಲ್ಲಿ ಗೋಡೆ ತಟ್ಟಿದ್ರೆ ಯಾರ್ಲಾ ಬತ್ತಾರೆ?"

ಸೆಲ್ವಿ ನಕ್ಕಳು. ನಾನು ಬರಬೇಕಾದರೂ ಎರಡು ಸಲ ತಟ್ಟಬೇಕಕ್ಕ, ಮೊದಲನೆಯದಕ್ಕೆ ಎಚ್ಚರ ಆಗುವುದಿಲ್ಲ ಅಂದಳು. ಎಲ್ಲರೂ ನಕ್ಕರು. ಮಾತು ಮುಗಿದುಹೋಗಿತ್ತು. ಅಕ್ಕ ಬರುವವಳಲ್ಲ. ನನ್ನ ಕಣ್ಣ ಮುಂದೆ ದೊಡ್ಡಪ್ಪ ಬೆರಳು ಒರೆಸಿಕೊಳ್ಳುತ್ತಿದ್ದರು.

ಆಗ ಅಂದೆ. "ಒಡೀತಾರಂತಕ್ಕ. ಲೈನೆಲ್ಲ."

ಮೊದಲೇ ಯೋಚಿಸಿಕೊಂಡು ಹೋಗಿದ್ದೆನೇ? ದೇವರಾಣೆ ಇಲ್ಲ. ಬಾಯಿಗೆ ಬಂತು. ಗಣಿ ಮುಚ್ಚಿದಂದಿನಿಂದ ಲೈನುಗಳಲ್ಲಿ ಈ ಸುದ್ದಿ ಇದ್ದದ್ದೇ. ಒಡೆಯುತ್ತಾರಂತೆ, ಹಕ್ಕುಪತ್ರ ಕೊಡುತ್ತಾರಂತೆ, ಯಾವುದೋ ಫ್ಯಾಕ್ಟರಿ ಬರುತ್ತದಂತೆ. ವರ್ಷಕ್ಕೊಂದು. ಮಳೆ ಬರುತ್ತದಂತೆ ಅಂದ ಹಾಗೆ ಕೇಳಿ ಬಿಡುತ್ತಿದ್ದರು. ಸೆಲ್ವಿಯೂ ಹಾಗೇ ಅಂದಳು. "ಎತ್ತನ ತಡವೆ ಕೇಟಾಚು ಅಣ್ಣಾ. ಎಷ್ಟ್ ಸಲ ಕೇಳಿಲ್ಲ ಇದ್ನ."

ಅಕ್ಕ ಮಾತ್ರ ದಾರ ಹಿಡಿದ ಕೈ ನಿಲ್ಲಿಸಿದ್ದಳು. "ಯಾರ್ಲಾ ಯೋಳಿದ್ದು?"

"ಪೇಪರ್ ಆಫೀಸ್ಗೆ ಬಂದೈತೆ. ಇನ್ನೂ ಆಕಿಲ್ಲ."

ಅಕ್ಕ ಸೆಲ್ವಿಯ ಕಡೆ ತಿರುಗಿದಳು. "ಅವ್ನು ಪೇಪರ್ನೋನು ಕಣೇ. ಸುಮ್ಕೆ ಯೋಳಲ್ಲ."

ಓದುಗರೇ, ಆ ಸೀಳು ಕೊಯ್ದು ನಾನು ಅಕ್ಕನ ಮನೆಯೊಳಗೆ ವಾರ ವಾರವೂ ತಳ್ಳಿದ್ದು ಕಾಗದವನ್ನಲ್ಲ, ನಂಬಿಕೆಯನ್ನು. ಅಚ್ಚಾದದ್ದೆಲ್ಲ ನಿಜ ಎಂಬ ನಂಬಿಕೆ. ತಮ್ಮ ಬರೆದದ್ದಂತೂ ನಿಜವೇ ನಿಜ ಎಂಬ ನಂಬಿಕೆ. ಅದನ್ನು ಒಂದೇ ಸಲಕ್ಕೆ ಪೂರ್ತಿ ಬಳಸಿ ಮುಗಿಸಿದೆ.

ಹದಿನೈದು ದಿನದಲ್ಲಿ ಟೆಂಪೊ ತಂದೆ. ಸಾಮಾನು ಅಂಥದ್ದೇನೂ ಇರಲಿಲ್ಲ. ಅಕ್ಕ ಎರಡು ಕೊಡಗಳನ್ನು ಆಚೀಚೆ ಮನೆಗಳಿಗೆ ಕೊಟ್ಟಳು. ಬುಟ್ಟಿಯನ್ನು ಸೆಲ್ವಿಗೆ ಕೊಟ್ಟಳು. ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಕೆಳಗೆ ಕೂತು ಆ ಸೀಳಿನಿಂದ ಒಳಗೆ ಒಂದು ಸಲ ನೋಡಿದಳು. ಏನು ಕಂಡಿತೋ. ಖಾಲಿ ಮನೆಯಲ್ಲಿ ಏನು ಕಾಣುತ್ತದೆ?

ಆ ದಿನ ನಾನು ನೋಡದೆ ಹೋದದ್ದು ಇನ್ನೊಂದಿತ್ತು. ಲೈನಿನ ಅಷ್ಟೂ ಜನ ಟೆಂಪೊ ನೋಡುತ್ತ ನಿಂತಿದ್ದರು. ಸುದ್ದಿಯನ್ನು ಯಾರೂ ನಂಬಿರಲಿಲ್ಲ. ಟೆಂಪೊವನ್ನು ನಂಬಿದರು. ಪೇಪರಿನವನೇ ತನ್ನ ಸ್ವಂತ ಅಕ್ಕನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದಾನೆ ಅಂದರೆ?

ಸಂಬಂಧ ಏನಾಯಿತು ಎಂದು ಕೇಳುತ್ತೀರಲ್ಲವೇ? ಕೂಡಲಿಲ್ಲ. ಕಾರಣ ಲೈನೂ ಅಲ್ಲ, ಗೋಡೆಯೂ ಅಲ್ಲ. ಹುಡುಗ ಮೊದಲೇ ಬೇರೆ ಯಾರನ್ನೋ ಒಪ್ಪಿಕೊಂಡಿದ್ದನಂತೆ. ದೊಡ್ಡಪ್ಪ ಬರಲೇ ಇಲ್ಲ. ಮಗಳ ಮದುವೆ ಆಮೇಲೆ ಬೇರೆ ಕಡೆ ಆಯಿತು. ಅವರು ಅಕ್ಕ ಎಲ್ಲಿದ್ದಾಳೆ ಎಂದು ಕೇಳಲೂ ಇಲ್ಲ. ಹಸೆಗೆ ಕರೆಯುವಾಗ ಸೋದರತ್ತೆ ಬಂದಳು, ಅರಿಶಿನ ಹಚ್ಚಿದಳು, ಅಷ್ಟೇ.

ಬಾಗಿಲು ಅಂಗಡಿಗೆ ಬಂದ ಮಾರನೆಯ ದಿನ, ಬುಧವಾರ, ನಾನು ಊರಿಗಾಂಗೆ ಹೋದೆ. ಎಷ್ಟೋ ವರ್ಷದಿಂದ ಆ ಕಡೆ ಸುಳಿದಿರಲಿಲ್ಲ. (ಕೆಲಸ ಇತ್ತು ಎಂದು ಬರೆಯಬಹುದು. ಇರಲಿಲ್ಲ.)

ಲೈನು ಇದೆ. ಯಾರೂ ಒಡೆದಿಲ್ಲ. ಮನೆಗಳು ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದುಕೊಂಡಿವೆ. ಬಾಗಿಲಿಲ್ಲ, ಕಿಟಕಿಯಿಲ್ಲ, ಸೂರಿನ ಶೀಟಿಲ್ಲ. ಅಕ್ಕನ ಜಗಲಿಯಲ್ಲಿ ಎಕ್ಕದ ಗಿಡ ಎದೆಯೆತ್ತರ ಬೆಳೆದಿದೆ. ಒಳಗೆ ಆ ಗೋಡೆಯಲ್ಲಿ ದೇವರ ಫೋಟೋದ ಮೊಳೆ ಇನ್ನೂ ಇತ್ತು.

ಸಾಲಿನ ಕೊನೆಯ ಮನೆಯಲ್ಲಿ ದೊರೆಸ್ವಾಮಿ ಉಳಿದಿದ್ದಾರೆ. ಗಣಿಯಲ್ಲಿ ದುಡಿದವರು, ಭಾವನ ಜೊತೆಯವರು. ಜಗಲಿಯಲ್ಲಿ ಕೂತು ರೇಡಿಯೋ ಬಿಚ್ಚಿಟ್ಟುಕೊಂಡಿದ್ದರು. ಗುರುತು ಹಿಡಿದು, ಕೂರು ಅಂದರು. ಹೇಗಾಯಿತು ಎಂದು ಕೇಳಿದೆ. ಕೇಳುವ ಹಕ್ಕು ನನಗಿತ್ತೇ?

ಅವರು ಮೆಲ್ಲಗೆ, ರೇಡಿಯೋದ ಸ್ಕ್ರೂ ತಿರುಗಿಸುತ್ತ ಹೇಳಿದ್ದು ಇಷ್ಟು. ನಿಮ್ಮಕ್ಕ ಹೋದ ಮೇಲೆ ಆಚೆ ಮನೆಯವರು ಹೋದರು. ಹೋದ ಮನೆಗಳ ಬಾಗಿಲನ್ನು ಯಾರೋ ಬಿಚ್ಚಿಕೊಂಡು ಹೋದರು, ಆಮೇಲೆ ಶೀಟು. ಶೀಟಿಲ್ಲದ ಮನೆಗೆ ಬಿದ್ದ ಮಳೆ ಪಕ್ಕದ ಮನೆಯ ಗೋಡೆಗೆ ಇಳಿಯಿತು. ಗೋಡೆ ಒಂದೇ ತಾನೇ? ಸೆಲ್ವಿಯ ಮನೆಯ ಗೋಡೆ ಒಂದು ಮಳೆಗಾಲ ಪೂರ್ತಿ ನೆನೆದು ನಿಂತಿತು. ಒಳಗಡೆ ಹಾಸಿಗೆ ಎಲ್ಲ ಬೂಷ್ಟು. ಅವಳು ಹೊಸೂರಿಗೆ, ತಮ್ಮನ ಮನೆಯ ಪಕ್ಕ ಶೀಟಿನ ಮನೆಗೆ ಹೋದಳು. ಅವಳು ಹೋದ ಮೇಲೆ ಅವಳ ಪಕ್ಕದವರ ಗೋಡೆ. ಹೀಗೇ. ಮೊದಲು ಹೋದವರು ಒಡೆಯುತ್ತಾರೆ ಎಂದು ಹೋದರು. ಕೊನೆಗೆ ಹೋದವರಿಗೆ ಆ ಸುದ್ದಿಯೇ ಬೇಕಾಗಿರಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲ ಎಂಬುದೇ ಸಾಕಾಗಿತ್ತು.

"ಒಡೆಯಾಕೆ ಯಾರೂ ಬರ್ಲಿಲ್ಲ ತಂಬಿ. ನಾವೇ ಎದ್ದೋದ್ವಿ" ಅಂದರು. ಆಮೇಲೆ, ಹಾಗೇ ಸುಮ್ಮನೆ ಕೇಳಿದರು. "ಆವತ್ತು ನಿಂಗೆ ಆ ಸುದ್ದಿ ಕೊಟ್ಟಿದ್ದು ಯಾರು?"

"ಮರ್ತೋಯ್ತು" ಅಂದೆ.

ದೊರೆಸ್ವಾಮಿ ಸ್ಕ್ರೂ ಬಿಟ್ಟು ನನ್ನ ಮುಖ ನೋಡಿದರು. "ದೊಡ್ಡ ಸುದ್ದಿ ಅಲ್ವಾ ತಂಬಿ. ಮರೆಯೋ ಅಂತಾದ್ದಲ್ಲ."

ಮತ್ತೆ ರೇಡಿಯೋಗೆ ಬಗ್ಗಿದರು. ಅವರಿಗೆ ಗೊತ್ತಿದೆಯೇ? ಗೊತ್ತಿದ್ದರೂ ಹೇಳುವವರಲ್ಲ. ಹೇಳಿಸಿಕೊಳ್ಳಲು ಸಾಲಿನಲ್ಲಿ ಇನ್ಯಾರಿದ್ದಾರೆ?

ಭಾನುವಾರ ಅಕ್ಕನ ರೂಮಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದೆ. ಕೈಯಲ್ಲಿ ಆ ವಾರದ ಪೇಪರ್. ಅದನ್ನು ಈಗ ನಾನೇ ಒಯ್ದು ಕೊಡುತ್ತೇನೆ. ಅವಳು ಮಡಿಸಿ ಕಪಾಟಿನಲ್ಲಿ ಹಾಸುತ್ತಾಳೆ. ಡಬ್ಬಗಳ ಕೆಳಗೆ ನನ್ನ ಹಳೆಯ ಅಂಕಣಗಳು ಒಂದರ ಮೇಲೊಂದು ಮಲಗಿವೆ.

ಆ ಲೇಔಟು ನೀವು ನೋಡಿರುತ್ತೀರಿ. ಒಳ್ಳೆಯ ಲೇಔಟು. ಪ್ರತಿ ಮನೆಗೂ ಕಾಂಪೌಂಡು, ಪ್ರತಿ ಕಾಂಪೌಂಡಿಗೂ ಗೇಟು. ಬೆಳಿಗ್ಗೆ ಟ್ರೈನಿಗೆ ಹೋದವರು ಕತ್ತಲಾದ ಮೇಲೆ ಬರುತ್ತಾರೆ. ನಡುವೆ ನಾಯಿ ಬೊಗಳಿದರೆ ಅದೇ ಮಾತು. ಅಲ್ಲಿನ ಎಷ್ಟೋ ಬಾಗಿಲು ನಾನು ಮಾಡಿದವೇ. ಎಲ್ಲದಕ್ಕೂ ಕಣ್ಣಿಟ್ಟು ನೋಡುವ ಗಾಜಿನ ತೂತು ಬೇಕು ಅನ್ನುತ್ತಾರೆ, ಮುಂದೊಂದು ಗ್ರಿಲ್ ಬಾಗಿಲೂ ಬೇಕು ಅನ್ನುತ್ತಾರೆ. ಒಳಗಿಂದ ಹೊರಗಿನದು ಕಾಣಬೇಕು, ಹೊರಗಿಂದ ಒಳಗೆ ಏನೂ ಬರಬಾರದು. ಪೇಪರ್ ಹಾಕಲು ಸೀಳು ಬಿಡಲೇ ಎಂದು ಒಬ್ಬರನ್ನು ಕೇಳಿದ್ದೆ. ನನ್ನನ್ನು ವಿಚಿತ್ರವಾಗಿ ನೋಡಿದರು.

ಅಕ್ಕ ಬಂದ ಹೊಸದರಲ್ಲಿ ಒಂದು ದಿನ ಹೂವು ತರಿಸಿ, ಕೆಳಗೆ ಗೇಟಿನ ಹತ್ತಿರ ಚಾಪೆ ಹಾಕಿ ಕೂತಿದ್ದಳಂತೆ. ಯಾರಾದರೂ ದಾರ ಹಿಡಿದು ಬರುತ್ತಾರೆ ಎಂದು. ಓನರಮ್ಮ ಒಳ್ಳೆಯವರು, ಮೆತ್ತಗೇ ಹೇಳಿದರಂತೆ, ಗೇಟ್ ಹತ್ತಿರ ಬೇಡ, ನೋಡೋದಕ್ಕೆ ಚೆನ್ನಾಗಿರಲ್ಲ ಎಂದು. ಹೂವು ಬಾಡಿತು. ಈಗ ಅಕ್ಕ ದೇವರ ಫೋಟೋಗೆ ಸಂತೆಯಲ್ಲಿ ಒಂದು ಮೊಳ ಹೂವು ಕೊಂಡುಕೊಳ್ಳುತ್ತಾಳೆ. ಕಟ್ಟಿದವರು ಸಡಿಲ ಕಟ್ಟುತ್ತಾರೆ ಎಂದು ಬೈಯುತ್ತಾಳೆ.

ನಾನು ಹೋದಾಗ ಓನರಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಅಕ್ಕ ಅವರಿಗೆ ನನ್ನನ್ನು ತೋರಿಸಿ, ಎಷ್ಟನೆಯ ಸಲವೋ, ಅದೇ ಕಥೆ ಹೇಳಿದಳು. "ಇವ್ನೇ ಅಮ್ಮ ನನ್ ತಮ್ಮ. ಲೈನು ಓಯ್ತದೆ ಅಂತ ಮುಂಚೇನೇ ಯೋಳ್ದ. ಈಗ ನೋಡಿ, ಎಲ್ಲ ಖಾಲಿಯಂತೆ. ಇವ್ನು ಯೋಳ್ದೆ ಇದ್ದಿದ್ರೆ ನಾನೂ ಸೆಲ್ವಿ ತರಾನೇ ಅಲೀಬೇಕಿತ್ತು."

ನನ್ನ ಸುಳ್ಳು ಅವಳ ಪಾಲಿಗೆ ನಿಜವಾಗಿಬಿಟ್ಟಿದೆ. ಅದೂ ಎಂಥ ನಿಜ! ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಲೈನು ಹೋಯಿತು. ಜನ ಅಲೆದರು. ಮುಂಚೆ ಹೇಳಿದವನು ನಾನೇ. ಹೇಳಿದ್ದರಿಂದಲೇ ಆಯಿತು ಎಂಬುದೊಂದು ಬಿಟ್ಟು ಉಳಿದದ್ದೆಲ್ಲ ಸರಿ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಕ್ಕ ನನ್ನನ್ನು ಹೊಗಳುತ್ತಾಳೆ.

ಒಳಗೆ ಹೋಗಿ ಕೂತೆವು. ಅಕ್ಕ ಕಾಫಿ ಮಾಡಿದಳು. ನನಗೊಂದು ಲೋಟ ಬಗ್ಗಿಸಿದಳು. ತನಗೊಂದು ಲೋಟ. ಆಮೇಲೆ ಮೂರನೆಯದೊಂದು ಖಾಲಿ ಲೋಟ ತೆಗೆದುಕೊಂಡು ಅದರ ತಳದಿಂದ ಗೋಡೆಯನ್ನು ತಟ್ಟಿದಳು. ಎರಡು ಸಲ.

ನನಗೆ ಮೊದಲು ಅರ್ಥವಾಗಲಿಲ್ಲ. ಲೈನಿನಲ್ಲಿ ಕಾಫಿ ಆದರೆ ಅವಳು ಸೆಲ್ವಿಯನ್ನು ಕರೆಯುತ್ತಿದ್ದದ್ದು ಹಾಗೆಯೇ. ಮೊದಲನೆಯದಕ್ಕೆ ಸೆಲ್ವಿಗೆ ಕೇಳುವುದಿಲ್ಲ, ಎರಡು ಸಲ ತಟ್ಟಬೇಕು. ಇಲ್ಲಿ ಆ ಗೋಡೆಯಾಚೆ ಮನೆ ಇಲ್ಲ. ಮಹಡಿ ಮೇಲಿನ ರೂಮು, ಆಚೆ ಬರೀ ಗಾಳಿ. ಕೆಳಗೆ ಒಂದು ಖಾಲಿ ಸೈಟು.

ಅಕ್ಕ ತನ್ನ ಕೈಯನ್ನೇ ನೋಡಿಕೊಂಡು ನಕ್ಕಳು. "ಇದಕ್ಕೆ ಇನ್ನೂ ಗೊತ್ತಾಗಿಲ್ಲ ನೋಡ್ಲಾ."

ಆಗ ಹೇಳಬೇಕಿತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಯಾವತ್ತೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಕಾಫಿ ಕುಡಿದೆ.

ಅಕ್ಕ ಪೇಪರ್ ತೆಗೆದುಕೊಂಡು, ನನ್ನ ಹೆಸರಿರುವ ಜಾಗದ ಮೇಲೆ ಬೆರಳಾಡಿಸಿದಳು. ಓದಲು ಬಾರದಿದ್ದರೂ ಅದು ಯಾವ ಪುಟ, ಯಾವ ಮೂಲೆ ಎಂದು ಅವಳಿಗೆ ಗೊತ್ತು. "ಮುಂದ್ಲ ವಾರ ಏನ್ ಬರೀತೀಯ?"

"ಒಂದು ಬಾಗ್ಲು ವಿಷ್ಯ."

"ಬಾಗ್ಲಾ?" ಅಂದಳು. "ಅದ್ರಾಗೇನ್ಲಾ ಐತೆ ಬರೆಯಾಕೆ?"

ಹೇಳುತ್ತೇನೆ ಎಂದು ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಮೇಲಿಂದ ಕೂಗಿ, ಬಿಸಿಲಿನಲ್ಲಿ ನಿಂತು ಕೆಲಸ ಮಾಡಬೇಡ ಅಂದಳು.

ಜನ ಊರು ಬಿಡಲು ಏನೇನು ಕಾರಣ ಎಂದು ದೊಡ್ಡವರು ಕೂತು ಮಾತಾಡುತ್ತಾರೆ. ಗಣಿ ಮುಚ್ಚಿತು, ಕೆಲಸ ಹೋಯಿತು, ನೀರಿಲ್ಲ ಅನ್ನುತ್ತಾರೆ. ಎಲ್ಲ ಸರಿ. ಆದರೆ ಊರಿಗಾಂನ ಆ ಒಂದು ಸಾಲಿನ ಮಟ್ಟಿಗೆ ಕಾರಣವನ್ನು ಅಷ್ಟು ದೂರ ಹುಡುಕಬೇಕಾಗಿಲ್ಲ. ಉಪ್ಪಿಟ್ಟು ತಿಂದು ಬೆರಳು ಒರೆಸಿಕೊಂಡ ಒಬ್ಬರ ಎದುರಿಗೆ ಇನ್ನೊಬ್ಬನಿಗೆ ನಾಚಿಕೆಯಾಯಿತು. ಅಷ್ಟಕ್ಕೇ ಒಂದು ಸಾಲು ಮನೆ ಖಾಲಿಯಾಗುತ್ತದೆ. ಗಣಿ ಮುಚ್ಚಿದ ಮೇಲೂ, ನಲ್ಲಿ ಒಣಗಿದ ಬೇಸಿಗೆಗಳಲ್ಲೂ ಎದ್ದು ಹೋಗದೆ ಕೂತಿದ್ದವರು ಅವರು.

ಬಾಗಿಲು ಇನ್ನೂ ನನ್ನ ಅಂಗಡಿಯ ಗೋಡೆಗೆ ಒರಗಿದೆ. ರೈತರು ನಾಳೆ ಬಂದು ಒಯ್ಯುತ್ತಾರೆ. ಮೇಲೆ ಕೊಯ್ದೆ, ತೋಪಡ ಹೊಡೆದೆ, ಹಿಂಜಸ್ ಕೂಡಿಸಿದೆ. ಸೀಳನ್ನು ಮುಟ್ಟಲು ಎರಡು ದಿನ ಕೈ ಬರಲಿಲ್ಲ. ನಿನ್ನೆ ಅದನ್ನೂ ಮುಗಿಸಿದೆ. ಅದೇ ಬಣ್ಣದ ತೇಗದ ತುಂಡು ಹುಡುಕಿ, ಅಂಟು ಹಾಕಿ, ಎಳೆಗೆ ಎಳೆ ಕೂಡಿಸಿ ಉಜ್ಜಿದ್ದೇನೆ. ಅಲ್ಲೊಂದು ಸೀಳಿತ್ತು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಮುಚ್ಚುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಅಕ್ಕ ಲೈನಿನಲ್ಲೇ ಇದ್ದಿದ್ದರೆ, ಈ ಪೇಪರ್ ಒಳಗೆ ಬಿದ್ದ ದಿನ ಸೆಲ್ವಿ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. 'ಒಡೀತಾರಂತಕ್ಕ' ಎಂಬಲ್ಲಿಗೆ ಬಂದಾಗ ಓದು ನಿಲ್ಲುತ್ತಿತ್ತು. ದಾರ ಹಿಡಿದ ಕೈಗಳೂ ನಿಲ್ಲುತ್ತಿದ್ದವು. ನನಗೆ ಸಿಗಬೇಕಾದದ್ದು ಸಿಗುತ್ತಿತ್ತು. ಈ ವಾರವೂ ಪೇಪರನ್ನು ನಾನೇ ಒಯ್ದು ಕೊಡುತ್ತೇನೆ. ಅವಳು ಬೆರಳಾಡಿಸುತ್ತಾಳೆ, ಮಡಿಸುತ್ತಾಳೆ, ಕಪಾಟಿನಲ್ಲಿ ಹಾಸಿ ಮೇಲೆ ಬೇಳೆ ಡಬ್ಬ ಇಡುತ್ತಾಳೆ.

ಅವಳಿಗೆ ಓದಿ ಹೇಳುವವರು ಪಕ್ಕದಲ್ಲಿ ಯಾರೂ ಉಳಿದಿಲ್ಲ ಎಂದು ಗೊತ್ತಿದ್ದೇ ನಾನು ಇಷ್ಟು ಧೈರ್ಯವಾಗಿ ಬರೆದೆನೇ?